ಯತಿರಿ: ಯತಿಯೂ ಅಲ್ಲ, ಮಾಟಗಾರನೂ ಅಲ್ಲ

ದಕ್ಷಿಣ ಅಮೆರಿಕದ ಆಂಡಿಸ್ ಸೀಮೆಯ ಅಯ್ಮಾರಾ ಜನರಲ್ಲಿ ಕೋಕಾ ಎಲೆ ನೋಡಿ ಶಾಸ್ತ್ರ ಹೇಳುವ ‘ಯತಿರಿ’ಯನ್ನು ಮಾಟಗಾರ ಎಂದು ಬರೆಯುವುದು ಹಳೆಯ ಚಾಳಿ. ಈಗ ಅದನ್ನು ನಮ್ಮ ‘ಯತಿ’ಗೆ ಗಂಟುಹಾಕಿ, ಆಂಡಿಸ್ ಬೆಟ್ಟಗಳಲ್ಲೂ ಸನ್ಯಾಸಿಗಳನ್ನು ಕಾಣುವವರು ಹುಟ್ಟಿಕೊಂಡಿದ್ದಾರೆ. ಯತಿರಿಗೆ ಸಂಸಾರವಿರುತ್ತದೆ, ಆಲೂಗಡ್ಡೆ ಹೊಲವಿರುತ್ತದೆ. ಯತಿರಿಗಳಲ್ಲಿ ಹೆಂಗಸರೂ ಇದ್ದಾರೆ.

ಸಂಸ್ಕೃತವನ್ನು ಬಿಟ್ಟು ಅಯ್ಮಾರಾ ನುಡಿಯನ್ನೇ ಕೇಳೋಣ. ‘ಯತಿನ್ಯ’ ಅಂದರೆ ತಿಳಿದಿರುವುದು. ‘-ಇರಿ’ ಹತ್ತಿದರೆ ಆ ಕೆಲಸ ಮಾಡುವವರು. ಹಾಗಾಗಿ ಯತಿರಿ ಅಂದರೆ ಬಲ್ಲವರು, ಅಷ್ಟೇ. ಕಲಿಸುವವರು ‘ಯತಿಚಿರಿ’, ಕಲಿಯುವವರು ‘ಯತಿಕಿರಿ’, ಮಂದೆ ಕಾಯುವವರು ‘ಅವತಿರಿ’. ಶಾಲೆಯ ಮೇಷ್ಟರೂ ಇದೇ ಧಾತುವಿನವರು, ಅವರಿಗೆ ಯಾರೂ ಕಾವಿ ಉಡಿಸಿಲ್ಲ. ಮದ್ದು ಕೊಡುವವರಿಗೆ ಬೇರೆಯೇ ಹೆಸರಿದೆ: ‘ಕೊಲ್ಯ’ ಅಂದರೆ ಮದ್ದು, ‘ಕೊಲ್ಯಿರಿ’ ಅಂದರೆ ವೈದ್ಯರು. (ದಯವಿಟ್ಟು ‘ಕೊಲ್ಲಿರಿ’ ಎಂದು ಬರೆಯಬೇಡಿ, ಪಾಪ.) ಬೊಲಿವಿಯಾದ ಚರಸಾನಿ ಕಡೆಯಿಂದ ಗಿಡಮೂಲಿಕೆಯ ಚೀಲ ಹೊತ್ತು ದೇಶದೇಶ ಸುತ್ತುತ್ತಿದ್ದ ಕಲ್ಯವಾಯರು ಮತ್ತೊಂದು ಪಂಗಡ. 2003ರಲ್ಲಿ ಯುನೆಸ್ಕೊ ಗೌರವಿಸಿದ್ದು ಅವರ ಪರಂಪರೆಯನ್ನು. ಮೂವರನ್ನೂ ‘ಶಾಮನ್’ (ಆತ್ಮಗಳೊಡನೆ ಮಾತಾಡುವ ಮಾಂತ್ರಿಕ) ಎಂಬ ಒಂದೇ ಗೂಟಕ್ಕೆ ಕಟ್ಟುವುದು ಸೋಮಾರಿತನ.

ಬಲ್ಲವರು ಅನ್ನುತ್ತೀರಿ, ಏನನ್ನು ಬಲ್ಲರು? ಮುಖ್ಯವಾಗಿ ಜಾಗವನ್ನು. ಸಜಾಮಾ, ಇಲ್ಯಿಮಾನಿಯಂಥ ಬೆಟ್ಟಗಳು ಅವರಿಗೆ ‘ಅಚಾಚಿಲ’ಗಳು, ಅಜ್ಜಂದಿರು. ಬೆಚ್ಚಿಬಿದ್ದವರ ‘ಅಹಾಯು’, ಅಂದರೆ ಆತ್ಮ, ಮೈಬಿಟ್ಟು ಹೋಗಿದ್ದರೆ ಹೆಸರು ಹಿಡಿದು ಕೂಗಿ ಕರೆತರಬೇಕು. ಎಲ್ಲಿ ಬೆಚ್ಚಿದ್ದು, ಅದು ಯಾವ ಬೆಟ್ಟದ ಸರಹದ್ದು ಎಂಬುದು ಗೊತ್ತಾಗದೆ ಕೂಗುವುದಾದರೂ ಎತ್ತ ತಿರುಗಿ? ಕೋಕಾ ಎಲೆ ಚೆಲ್ಲಿ ನೋಡುವುದು ಇದಕ್ಕೇ.

ಅಯ್ಮಾರಾ ಜನರ ಸೀಮೆಯೂ ಭೂಪಟದಲ್ಲಿ ಬಣ್ಣ ಬಳಿದ ಒಂದೇ ತುಂಡಲ್ಲ. ಟಿಟಿಕಾಕಾ ಸರೋವರದ ದಡದ ಲುಪಾಕರೆಂಬ ಅಯ್ಮಾರಾ ಪಂಗಡಕ್ಕೆ ಎತ್ತರದಲ್ಲಿ ಲಾಮಾ, ಆಲೂಗಡ್ಡೆ; ಎಷ್ಟೋ ದಿನದ ನಡಿಗೆಯಾಚೆ, ಪೆಸಿಫಿಕ್ ಕಡೆಯ ಕಣಿವೆಗಳಲ್ಲಿ ಮುಸುಕಿನ ಜೋಳ. ನಡುವೆ ಬೇರೆಯವರ ನೆಲ. 1567ರ ಸ್ಪ್ಯಾನಿಷ್ ತನಿಖೆಯ ದಾಖಲೆಯಲ್ಲೇ ಇದು ಇದೆ. 1879ರಲ್ಲಿ ಚಿಲಿಗೂ ಪೆರು-ಬೊಲಿವಿಯಾಗಳಿಗೂ ಶುರುವಾದ ಯುದ್ಧ, ಆಮೇಲಿನ ಒಪ್ಪಂದಗಳು ಇದೇ ಸೀಮೆಯಲ್ಲಿ ಗೆರೆ ಎಳೆದವು. 1929ರಲ್ಲಿ ತಕ್ನಾ ಪೆರುವಿಗೆ, ಆರಿಕಾ ಚಿಲಿಗೆ. ಆರಿಕಾದ ಅಯ್ಮಾರಾ ರೋಗಿಗೆ ಬೊಲಿವಿಯಾದ ಯತಿರಿ ಈಗ ವಿದೇಶಿ. ಅವರ ಚೀಲದ ಕೋಕಾ ಎಲೆ ಲಾಪಾಸ್‌ನಲ್ಲಿ ಸಂತೆಯ ಸರಕು, ಚಿಲಿಯ ಗಡಿಯಲ್ಲಿ ಪೊಲೀಸ್ ತಂಟೆ. ಸಾಂಪ್ರದಾಯಿಕ ವೈದ್ಯಕ್ಕೆ ಮಾನ್ಯತೆ ಕೊಟ್ಟ ಬೊಲಿವಿಯಾದ 2013ರ ಕಾನೂನು ನಡೆಯುವುದು ಚಿಲಿಗೆ ತಾಗಿದ ಚರಾನ್ಯ ಊರಿನ ಗಡಿಯವರೆಗೆ ಮಾತ್ರ.