ಹತ್ತಿರ ಹೋದಷ್ಟೂ ಮರೆಯಾಗುವ ಗುಮ್ಮಟ

ರೋಮ್‌ನ ಸೇಂಟ್ ಪೀಟರ್ಸ್ ಬೆಸಿಲಿಕಾದ ಗುಮ್ಮಟ ಟೈಬರ್ ನದಿಯಾಚೆಯಿಂದ ನೋಡಿದರೆ ಇಡೀ ಊರನ್ನು ಆಳುತ್ತಿರುವಂತೆ ಕಾಣುತ್ತದೆ. ಚರ್ಚಿನ ಬಾಗಿಲಿನತ್ತ ನಡೆದಂತೆಲ್ಲ ಅದೇ ಗುಮ್ಮಟ ಮುಂಭಾಗದ ಗೋಡೆಯ ಹಿಂದೆ ಇಳಿಯುತ್ತಾ ಹೋಗುತ್ತದೆ. ಇದಕ್ಕೆ ಕಾರಣ 120 ವರ್ಷಗಳ ಒಂದು ಜಗ್ಗಾಟ.

ಚಕ್ರವರ್ತಿ ಕಾನ್‌ಸ್ಟಂಟೈನ್ ನಾಲ್ಕನೇ ಶತಮಾನದಲ್ಲಿ ಕಟ್ಟಿಸಿದ ಹಳೆಯ ಚರ್ಚು ಶಿಥಿಲವಾಗಿತ್ತು. 1506ರ ಏಪ್ರಿಲ್ 18ರಂದು ಪೋಪ್ ಎರಡನೇ ಜೂಲಿಯಸ್ ಹೊಸದಕ್ಕೆ ಅಡಿಗಲ್ಲು ಹಾಕಿದರು. ವಾಸ್ತುಶಿಲ್ಪಿ ಬ್ರಮಾಂಟೆಯ ನಕ್ಷೆಯಲ್ಲಿ ಶಿಲುಬೆಯಾಕಾರದ ಕಟ್ಟಡದ ನಾಲ್ಕೂ ತೋಳುಗಳು ಸರಿಸಮ, ನಡುವೆ ಗುಮ್ಮಟ. ಅವನು 1514ರಲ್ಲಿ ತೀರಿಕೊಳ್ಳುವ ಹೊತ್ತಿಗೆ ಗುಮ್ಮಟ ಹೊರಬೇಕಾದ ನಾಲ್ಕು ಬೃಹತ್ ಕಂಬಗಳು ಎದ್ದಿದ್ದವು. ಮುಂದೆ ಬಂದವರೆಲ್ಲ ಆ ಅಳತೆಗೇ ಕಟ್ಟುಬಿದ್ದರು.

ಆದರೆ ಮೆರವಣಿಗೆಗೆ, ಜನಸಂದಣಿಗೆ ಉದ್ದನೆಯ ಚರ್ಚು ಬೇಕಿತ್ತು. ರಾಫೆಲ್ ಒಂದು ತೋಳನ್ನು ಚಾಚಿ ನಕ್ಷೆ ಬರೆದ. ಕಟ್ಟಡದ ಹಣಕ್ಕಾಗಿ ನಡೆದ ಪಾಪವಿಮೋಚನಾ ಪತ್ರಗಳ ಮಾರಾಟ 1517ರಲ್ಲಿ ಜರ್ಮನಿಯ ಧರ್ಮಸುಧಾರಕ ಲೂಥರನನ್ನು ಕೆರಳಿಸಿತು. 1527ರಲ್ಲಿ ರೋಮ್ ಲೂಟಿಯಾಯಿತು. ಆಮೇಲೆ ಕಿರಿಯ ಆಂಟೋನಿಯೊ ಡ ಸಾಂಗಾಲೊ ತನ್ನ ನಕ್ಷೆಯ, ಏಳು ಮೀಟರಿಗೂ ಹೆಚ್ಚು ಉದ್ದದ ಮರದ ಮಾದರಿಯೊಂದನ್ನು ಮಾಡಿಸಿದ. ಅದು ಇಂದಿಗೂ ಉಳಿದಿದೆ.

1547ರಲ್ಲಿ ಹೊಣೆ ಹೊತ್ತಾಗ ಮೈಕೆಲ್‌ಆಂಜೆಲೋಗೆ 71 ವರ್ಷ. ಸಂಬಳ ಬೇಡವೆಂದ. ಸಾಂಗಾಲೊನ ನಕ್ಷೆಯ ಕತ್ತಲ ಮೂಲೆಗಳಲ್ಲಿ ಖೋಟಾ ನಾಣ್ಯ ಟಂಕಿಸುವವರೂ ಅಡಗಬಹುದು, ಸಂಜೆ ಬಾಗಿಲು ಹಾಕುವ ಮುನ್ನ ಅವರನ್ನು ಹುಡುಕಲು 25 ಜನ ಬೇಕಾದಾರು ಎಂದು ಪತ್ರವೊಂದರಲ್ಲಿ ಬರೆದ. ಬ್ರಮಾಂಟೆಯ ನಕ್ಷೆಯಲ್ಲಿ ಬೆಳಕಿತ್ತು ಎಂಬುದು ಅವನ ವಾದ. ಬ್ರಮಾಂಟೆಯ ಮೇಲೆ ಅವನಿಗೆ ಪ್ರೀತಿಯೇನೂ ಇರಲಿಲ್ಲ. ಆದ್ದರಿಂದಲೇ ಆ ಮೆಚ್ಚುಗೆ ನನಗೆ ದೊಡ್ಡದಾಗಿ ಕಾಣುತ್ತದೆ. ಸಾಂಗಾಲೊ ಕಟ್ಟಿದ್ದರಲ್ಲಿ ಒಂದಷ್ಟನ್ನು ಕೆಡವಿಸಿ, ಕಂಬಗಳನ್ನು ಬಲಪಡಿಸಿ, ಕಟ್ಟಡವನ್ನು ಮತ್ತೆ ಗುಮ್ಮಟದ ಸುತ್ತ ಒಟ್ಟುಗೂಡಿಸಿದ. 1564ರಲ್ಲಿ ಅವನು ಸತ್ತಾಗ ಗುಮ್ಮಟದ ಕೆಳಗಿನ ದುಂಡನೆಯ ಗೋಡೆ ಬಹುಪಾಲು ಎದ್ದಿತ್ತು. ಜಾಕೊಮೊ ಡೆಲ್ಲಾ ಪೋರ್ಟಾ ಮತ್ತು ಡೊಮೆನಿಕೊ ಫೊಂಟಾನಾ 1588ರಿಂದ 1590ರೊಳಗೆ ಗುಮ್ಮಟ ಮುಚ್ಚಿದರು. ಇಂದು ಶಿಲುಬೆಯ ತುದಿಯವರೆಗಿನ ಎತ್ತರ ಸುಮಾರು 136 ಮೀಟರ್.

ಕೊನೆಗೆ ಗೆದ್ದದ್ದು ಉದ್ದನೆಯ ಚರ್ಚೇ. ಹಳೆಯ ಚರ್ಚು ನಿಂತಿದ್ದ ಪವಿತ್ರ ನೆಲ ಹೊರಗುಳಿಯಬಾರದೆಂಬ ಕಳಕಳಿಯೂ ಪೋಪ್ ಐದನೇ ಪಾಲ್ ಕಾಲದಲ್ಲಿ ಬಲವಾಗಿತ್ತು. ಕಾರ್ಲೊ ಮದೆರ್ನೊ 1607ರಿಂದ ಪೂರ್ವದ ತೋಳನ್ನು ಮುಂದಕ್ಕೆ ಬೆಳೆಸಿ, ಅಗಲವಾದ ಮುಂಭಾಗ ನಿಲ್ಲಿಸಿದ. 1626ರ ನವೆಂಬರ್ 18ರಂದು ಚರ್ಚಿನ ಪ್ರತಿಷ್ಠಾಪನೆಯಾಯಿತು. ಗುಮ್ಮಟ ಹಿಂದೆ ಬಿತ್ತು. ಮದೆರ್ನೊನನ್ನು ದೂರಿ ಫಲವಿಲ್ಲ, ಆದರೂ ಈ ನಷ್ಟ ನನ್ನನ್ನು ಕಾಡುತ್ತದೆ.

ಮೈಕೆಲ್‌ಆಂಜೆಲೋನ ಚರ್ಚನ್ನು ಕಾಣಬೇಕಾದರೆ ಹಿಂಬದಿಗೆ, ವ್ಯಾಟಿಕನ್ ತೋಟಗಳಿಗೆ ಹೋಗಬೇಕು. ಅಲ್ಲಿ ಬಾಗಿ ಬಳುಕುವ ಗೋಡೆ ಹುಲ್ಲುಹಾಸಿನಿಂದ ನೇರವಾಗಿ ಏಳುತ್ತದೆ, ಅದರ ಮೇಲೆ ಗುಮ್ಮಟ ಪೂರ್ತಿಯಾಗಿ ನಿಂತಿದೆ.