ಸುಳ್ಳು ಹೇಳಿಸಲು ಹುಟ್ಟಿದ ವಿದ್ಯೆ

ಕೊರಿಯಾ ಯುದ್ಧದಲ್ಲಿ ಚೀನೀಯರ ಸೆರೆಗೆ ಸಿಕ್ಕ ಅಮೆರಿಕದ ಹಲವು ವೈಮಾನಿಕರು, ತಾವು ರೋಗಾಣು ಬಾಂಬು ಹಾಕಿದ್ದಾಗಿ ಒಪ್ಪಿಕೊಂಡರು. ಬಿಡುಗಡೆಯಾದ ಮೇಲೆ ಆ ಮಾತನ್ನು ನಿರಾಕರಿಸಿದರು. ಹಾಗಾದರೆ ಒಪ್ಪಿಕೊಂಡದ್ದು ಹೇಗೆ? ಸಮಾಜವಿಜ್ಞಾನಿ ಆಲ್ಬರ್ಟ್ ಬಿಡರ್ಮನ್ ಇದನ್ನು ಅಧ್ಯಯನ ಮಾಡಿ, ಸೆರೆಯಾಳುಗಳನ್ನು ಮಣಿಸಿದ ವಿಧಾನಗಳ ಕೋಷ್ಟಕವನ್ನು 1957ರಲ್ಲಿ ಬರೆದರು: ಒಂಟಿ ಸೆರೆ, ನಿದ್ದೆಗೆಡಿಸುವುದು, ಗಂಟೆಗಟ್ಟಲೆ ನಿಲ್ಲಿಸುವುದು, ಅರೆಹೊಟ್ಟೆ, ಅವಮಾನ. ಇವನ್ನು ತಾಳಿಕೊಳ್ಳುವುದನ್ನು ಕಲಿಸಲು ಅಮೆರಿಕದ ಸೇನೆ ತನ್ನವರಿಗಾಗಿ ತರಬೇತಿಯನ್ನೂ ನಡೆಸುತ್ತಿತ್ತು.

2001ರಲ್ಲಿ ಅಮೆರಿಕದ ಮೇಲೆ ಅಲ್-ಖೈದಾ ನಡೆಸಿದ ದಾಳಿಯ ನಂತರ ಅಲ್ಲಿನ ಗುಪ್ತಚರ ಸಂಸ್ಥೆ ಸಿಐಎ, ಸೆರೆಸಿಕ್ಕ ಶಂಕಿತರ ವಿಚಾರಣೆಗಾಗಿ ಇದೇ ತರಬೇತಿಯಲ್ಲಿ ಕೆಲಸ ಮಾಡಿದ್ದ ಜೇಮ್ಸ್ ಮಿಚೆಲ್, ಬ್ರೂಸ್ ಜೆಸ್ಸೆನ್ ಎಂಬ ಮನೋವಿಜ್ಞಾನಿಗಳನ್ನು ಕರೆಸಿಕೊಂಡಿತು. ಇಬ್ಬರಿಗೂ ನಿಜವಾದ ವಿಚಾರಣೆ ನಡೆಸಿದ ಅನುಭವವಿರಲಿಲ್ಲ. ಆದರೂ ಅವರ ಕಂಪನಿಗೆ ಸಂದಾಯವಾದದ್ದು 8.1 ಕೋಟಿ ಡಾಲರ್. ಅತ್ತ ಕ್ಯೂಬಾದಲ್ಲಿರುವ ಅಮೆರಿಕದ ಸೆರೆಮನೆ ಗ್ವಾಂಟನಾಮೊದಲ್ಲಿ ಬಿಡರ್ಮನ್‌ರ ಕೋಷ್ಟಕವನ್ನೇ ಶೀರ್ಷಿಕೆ ತೆಗೆದು ವಿಚಾರಣಾಧಿಕಾರಿಗಳಿಗೆ ಪಾಠ ಮಾಡಿದರು. ಶತ್ರು ಸುಳ್ಳು ಹೇಳಿಸಲು ಬಳಸಿದ್ದನ್ನು ಇವರು ನಿಜ ಹೊರಡಿಸಲು ಬಳಸಿದರು!

ಮಿಚೆಲ್ ನೆಚ್ಚಿಕೊಂಡದ್ದು ಮಾರ್ಟಿನ್ ಸೆಲಿಗ್ಮನ್ ಮತ್ತು ಸ್ಟೀವನ್ ಮೇಯರ್ 1967ರಲ್ಲಿ ನಾಯಿಗಳ ಮೇಲೆ ನಡೆಸಿದ ಪ್ರಯೋಗಗಳನ್ನು. ತಪ್ಪಿಸಿಕೊಳ್ಳಲಾಗದ ವಿದ್ಯುತ್ ಆಘಾತ ತಿಂದ ನಾಯಿಗಳಲ್ಲಿ ಬಹಳಷ್ಟು, ಮುಂದೆ ದಾರಿ ತೆರೆದಿದ್ದರೂ ಅಲ್ಲೇ ಬಿದ್ದಿರುತ್ತಿದ್ದವು. ಮನುಷ್ಯನನ್ನೂ ಅದೇ ಸ್ಥಿತಿಗೆ ತಂದರೆ ಬಾಯಿ ಬಿಡುತ್ತಾನೆಂಬುದು ಲೆಕ್ಕಾಚಾರ. ಆದರೆ ಸೋತುಬಿದ್ದ ನಾಯಿ ಯಾವ ಗುಟ್ಟನ್ನು ಹೇಳಿತ್ತು? ವಿಧೇಯತೆ ಬೇರೆ, ನೆನಪು ಬೇರೆ.

ನೆನಪನ್ನು ಕೂಡಿಡುವ ಹಿಪ್ಪೊಕ್ಯಾಂಪಸ್, ಯೋಚನೆಯನ್ನು ಹಿಡಿತದಲ್ಲಿಡುವ ಮುಂಭಾಗದ ಮಿದುಳು ಎರಡೂ ತೀವ್ರ ಒತ್ತಡದ ರಾಸಾಯನಿಕಗಳಿಗೆ ಬೇಗ ಮಣಿಯುತ್ತವೆ. 2004ರಲ್ಲಿ ಪ್ರಕಟವಾದ ಒಂದು ಅಧ್ಯಯನಕ್ಕೆ ಒಳಗಾದವರು ಆ ಸೇನಾ ತರಬೇತಿಯಲ್ಲೇ ಇದ್ದ 500ಕ್ಕೂ ಹೆಚ್ಚು ಸೈನಿಕರು. ಅಣಕು ವಿಚಾರಣೆ ಮುಗಿದ ಒಂದು ದಿನದ ಬಳಿಕ, ಎದುರಿಗೇ ಕೂತು ಪ್ರಶ್ನಿಸಿದ್ದವನನ್ನು ಸಾಲಿನಲ್ಲಿ ಗುರುತಿಸಬೇಕಿತ್ತು. ಕಡಿಮೆ ಒತ್ತಡದ ವಿಚಾರಣೆಯಾದಾಗ 62% ಮಂದಿ ಸರಿಯಾಗಿ ಗುರುತಿಸಿದರು. ತೀವ್ರ ಒತ್ತಡದಲ್ಲಿ 30% ಮಾತ್ರ. ಗಟ್ಟಿಮುಟ್ಟಾದ ಸೈನಿಕರು, ಅದೂ ಅಣಕು ಎಂದು ಗೊತ್ತಿದ್ದವರು.

ನಿದ್ದೆಯ ಕಥೆ ಇನ್ನೂ ಕೆಟ್ಟದ್ದು. 2016ರಲ್ಲಿ ಅಮೆರಿಕದ ಸಂಶೋಧಕರು 88 ಜನರ ಮೇಲೆ, ಅವರು ಮಾಡದ ತಪ್ಪೊಂದನ್ನು ಹೊರಿಸಿ ತಪ್ಪೊಪ್ಪಿಗೆಗೆ ಸಹಿ ಕೇಳಿದರು. ರಾತ್ರಿ ಮಲಗಿದ್ದವರಲ್ಲಿ 18% ಸಹಿ ಹಾಕಿದರು, ಇಡೀ ರಾತ್ರಿ ಎಚ್ಚರವಿದ್ದವರಲ್ಲಿ ಅರ್ಧದಷ್ಟು. ಅದು ಒಂದೇ ರಾತ್ರಿಯ ಫಲ. ಸಿಐಎ ಕೆಲವರನ್ನು 180 ಗಂಟೆವರೆಗೆ, ಅಂದರೆ ಏಳೂವರೆ ದಿನ, ಹೆಚ್ಚಾಗಿ ನಿಲ್ಲಿಸಿಯೇ ಎಚ್ಚರವಿಟ್ಟಿತ್ತು.

ಇದರ ಬೆಲೆಯನ್ನು ಜಗತ್ತೇ ತೆತ್ತಿತು. ಅಮೆರಿಕ ಈಜಿಪ್ಟಿಗೆ ಒಪ್ಪಿಸಿದ್ದ ಸೆರೆಯಾಳು ಇಬ್ನ್ ಅಲ್-ಶೇಖ್ ಅಲ್-ಲಿಬಿ, ಇರಾಕ್ ಅಲ್-ಖೈದಾಕ್ಕೆ ರಾಸಾಯನಿಕ ಅಸ್ತ್ರಗಳ ತರಬೇತಿ ಕೊಟ್ಟಿತೆಂದು ಹೇಳಿದ. 2003ರ ಫೆಬ್ರವರಿ 5ರಂದು ಅಮೆರಿಕದ ಆಗಿನ ವಿದೇಶಾಂಗ ಸಚಿವ ಕಾಲಿನ್ ಪೊವೆಲ್ ವಿಶ್ವಸಂಸ್ಥೆಯಲ್ಲಿ ಲಿಬಿಯ ಹೆಸರು ಹೇಳದೆ ಅದನ್ನೇ ಸಾಕ್ಷ್ಯವಾಗಿ ಮುಂದಿಟ್ಟರು. ಮರುವರ್ಷ ಲಿಬಿ ಆ ಹೇಳಿಕೆಯನ್ನು ಹಿಂತೆಗೆದುಕೊಂಡ, ಹಿಂಸೆ ತಪ್ಪಿಸಿಕೊಳ್ಳಲು ಕಟ್ಟಿದ ಕಥೆಯೆಂದ. ಅಷ್ಟರಲ್ಲಿ ಅಮೆರಿಕದ ದಾಳಿಗೆ ಇರಾಕಿನ ರಾಜಧಾನಿ ಬಾಗ್ದಾದ್ ಬಿದ್ದಿತ್ತು.

ಚಿತ್ರಹಿಂಸೆ ವಿರೋಧಿ ಒಪ್ಪಂದವನ್ನು ಅಮೆರಿಕ 1994ರಲ್ಲೇ ಅನುಮೋದಿಸಿತ್ತು. ಅದರ ವಿದೇಶಾಂಗ ಇಲಾಖೆ ಬೇರೆ ದೇಶಗಳ ಮಾನವ ಹಕ್ಕುಗಳ ವರದಿಯಲ್ಲಿ ನಿದ್ದೆಗೆಡಿಸುವುದನ್ನು ಹಿಂಸೆಯ ಪಟ್ಟಿಗೆ ಸೇರಿಸುತ್ತಿತ್ತು. ತನ್ನ ಸರದಿ ಬಂದಾಗ ಅದು 'ವರ್ಧಿತ ವಿಚಾರಣಾ ತಂತ್ರ'ವಾಯಿತು. ಅಂಗಾಂಗ ವಿಫಲವಾಗುವಷ್ಟು ನೋವಾದರೆ ಮಾತ್ರ ಹಿಂಸೆ ಎಂದ ಅಮೆರಿಕದ ನ್ಯಾಯ ಇಲಾಖೆಯ 2002ರ ಟಿಪ್ಪಣಿಗೆ ಸಹಿ ಹಾಕಿದ ಜೇ ಬೈಬೀ ಮರುವರ್ಷವೇ ಫೆಡರಲ್ ಮೇಲ್ಮನವಿ ನ್ಯಾಯಾಧೀಶರಾದರು. ಒಬಾಮ 'ಹಿಂದೆ ನೋಡುವುದಕ್ಕಿಂತ ಮುಂದೆ ನೋಡೋಣ' ಎಂಬ ನಿಲುವು ತಳೆದರು. ಇಬ್ಬರು ಮನೋವಿಜ್ಞಾನಿಗಳ ಮೇಲಿನ ಸಿವಿಲ್ ದಾವೆ 2017ರಲ್ಲಿ ಗುಟ್ಟಿನ ರಾಜಿಯಲ್ಲಿ ಮುಗಿಯಿತು.

83 ಬಾರಿ ಉಸಿರುಗಟ್ಟುವಂತೆ ಮುಖದ ಮೇಲೆ ನೀರು ಸುರಿಸಿಕೊಂಡ ಸಿಐಎ ಸೆರೆಯಾಳು ಅಬು ಜುಬೈದಾನನ್ನು ಪೋಲೆಂಡಿನ ರಹಸ್ಯ ಜೈಲಿನಲ್ಲಿ ಇಟ್ಟಿದ್ದರೆಂದು ಯುರೋಪಿನ ಮಾನವ ಹಕ್ಕುಗಳ ನ್ಯಾಯಾಲಯ 2014ರಲ್ಲಿ ತೀರ್ಪಿತ್ತು, ಪೋಲೆಂಡ್ ಪರಿಹಾರ ಕೊಡಬೇಕೆಂದಿತು. ಆ ದೇಶದ ತನಿಖೆಗಾಗಿ ಮಿಚೆಲ್, ಜೆಸ್ಸೆನ್ ಅವರ ಸಾಕ್ಷ್ಯ ಬೇಕೆಂದು ಜುಬೈದಾನ ವಕೀಲರು ಅಮೆರಿಕದ ನ್ಯಾಯಾಲಯದ ಮೆಟ್ಟಿಲೇರಿದರು. ಲೋಕಕ್ಕೆಲ್ಲ ಗೊತ್ತಿರುವ ಆ ಜೈಲಿನ ಜಾಗ ರಾಷ್ಟ್ರದ ರಹಸ್ಯವೆಂದು 2022ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟ್ ಅರ್ಜಿಯನ್ನು ತಳ್ಳಿಹಾಕಿತು.