ಮೇಲಿನ ಮನೆಯ ಬಾಡಿಗೆ, ಒಡಹುಟ್ಟಿದವರ ಸಾಲ

ಹಳೆಯ ಮನೆಯ ಮೇಲೊಂದು ಬಾಡಿಗೆ ಮನೆ ಕಟ್ಟಿಸಿ, ಅದರ ಬಾಡಿಗೆಯಿಂದಲೇ ಸಾಲದ ಕಂತು ತೀರಿಸುತ್ತೇವೆಂದು ಅಣ್ಣತಮ್ಮಂದಿರು ಜೋಡಿಯಾಗಿ ನನ್ನ ಕಚೇರಿಗೆ ಬರುತ್ತಲೇ ಇರುತ್ತಾರೆ. ಅವರು ಮೊದಲು ತೆಗೆಯುವುದು ಎಂಜಿನಿಯರ್ ಕೊಟ್ಟ ಎಸ್ಟಿಮೇಟು. ನಾನು ಮೊದಲು ಕೇಳುವುದು ಸಿಟಿಎಸ್ ಉತಾರ, ಅಂದರೆ ಆಸ್ತಿ ಯಾರ ಹೆಸರಿನಲ್ಲಿದೆ ಎಂದು ತೋರಿಸುವ ನಗರ ಸರ್ವೆಯ ದಾಖಲೆ.

ಈಚೆಗೆ ಹುಬ್ಬಳ್ಳಿಯ ಕೇಶ್ವಾಪುರದಿಂದ ಬಂದಿದ್ದ ಇಬ್ಬರ ಉತಾರದಲ್ಲಿ ತೀರಿಹೋದ ತಂದೆಯ ಹೆಸರೇ ಇತ್ತು. ತಾಯಿಯೂ ಇಲ್ಲ. ಗದಗಿನಲ್ಲಿ ಶಿಕ್ಷಕಿಯಾಗಿರುವ ಅಕ್ಕ ಒಬ್ಬರಿದ್ದಾರೆ. "ಅಕ್ಕ ಏನೂ ಕೇಳುವುದಿಲ್ಲ ಸರ್" ಎಂದ ತಮ್ಮ. ಕೇಳುವುದಿಲ್ಲ ಎಂಬ ಮಾತನ್ನು ಯಾವ ಬ್ಯಾಂಕೂ ಕಡತಕ್ಕೆ ಸೇರಿಸಿಕೊಳ್ಳುವುದಿಲ್ಲ. ಮೂವರು ವಾರಸುದಾರರ ಹೆಸರೂ ಉತಾರದಲ್ಲಿ ಏರಬೇಕು; ಅಕ್ಕ ಪಾಲು ಬಿಡುವುದಾದರೆ ಆ ಪತ್ರ ನೋಂದಣಿಯಾಗಬೇಕು.

ಎರೆ ಮಣ್ಣಿನ ವಿಚಾರ ನನ್ನ ಕಸುಬಲ್ಲ, ಆದರೂ ಹೇಳುತ್ತೇನೆ. ಮಳೆಗೆ ಉಬ್ಬಿ ಬೇಸಿಗೆಗೆ ಬಿರಿಯುವ ನೆಲದ ಮೇಲೆ, ಕಾಲಂ ಇಲ್ಲದ ಗೋಡೆಯ ಮನೆ ಇನ್ನೊಂದು ಅಂತಸ್ತು ಹೊರುತ್ತದೆಯೇ ಎಂದು ತಿಳಿಯದೆ ಸಾಲಕ್ಕೆ ಅರ್ಜಿ ಹಾಕಬೇಡಿ.

ಇನ್ನು ಲೆಕ್ಕ. 12 ಲಕ್ಷ ಸಾಲ, ಶೇ 9 ಬಡ್ಡಿ, 15 ವರ್ಷ ಎಂದು ಹಿಡಿದರೆ ತಿಂಗಳ ಕಂತು ಸುಮಾರು 12,170 ರೂಪಾಯಿ. ಮೇಲಿನ ಮನೆಗೆ 8,000 ಬಾಡಿಗೆ ಬರುತ್ತದೆಂದು ಅವರ ಅಂದಾಜು. ನಾನು ವರ್ಷಕ್ಕೆ ಹತ್ತೇ ತಿಂಗಳ ಬಾಡಿಗೆ ಹಿಡಿಯುತ್ತೇನೆ. ಒಬ್ಬರು ಬಿಟ್ಟು ಇನ್ನೊಬ್ಬರು ಬರುವ ನಡುವೆ ಮನೆ ಖಾಲಿ ಇರುತ್ತದೆ, ಸುಣ್ಣಬಣ್ಣವಾಗಬೇಕು, ನಲ್ಲಿ ಸೋರುತ್ತದೆ. ವರ್ಷದ ಕಂತು 1,46,000, ಬಾಡಿಗೆ 80,000. ಉಳಿದ 66,000 ಕೈಯಿಂದಲೇ ಹೋಗಬೇಕು. ಮೂವತ್ತು ಲಕ್ಷದೊಳಗಿನ ಗೃಹಸಾಲದಲ್ಲಿ ಮನೆಯ ಬೆಲೆಯ ಶೇ 90ರವರೆಗೆ ಕೊಡಲು ರಿಸರ್ವ್ ಬ್ಯಾಂಕ್ ನಿಯಮದಲ್ಲಿ ಅವಕಾಶವಿದೆ, ನಿಜ. ಆದರೆ ಹಣ ಬರುವುದು ಕೆಲಸ ನಡೆದಂತೆ ಕಂತುಕಂತಾಗಿ, ಅದೂ ನಿಮ್ಮ ಪಾಲಿನ ಹಣ ಹಾಕಿದ ಮೇಲೆ. ಆ ತಿಂಗಳುಗಳಲ್ಲಿ ಬಾಡಿಗೆ ಇಲ್ಲ, ಬಡ್ಡಿ ಮಾತ್ರ ಇರುತ್ತದೆ. ಈ ಕೊರತೆ ತುಂಬಲು ತಿಂಗಳ ಬಾಡಿಗೆಯ ಬದಲು ಲೀಸ್ ಎಂದು ಮೂರು ನಾಲ್ಕು ಲಕ್ಷ ಒಟ್ಟಿಗೆ ಪಡೆಯುವವರಿದ್ದಾರೆ. ಅದೂ ಸಾಲವೇ, ಹಿಂದಿರುಗಿಸಲೇಬೇಕು.

ತೆರಿಗೆಯಲ್ಲಿ ಒಂದು ಅನುಕೂಲವಿದೆ. ವರ್ಷದ ಬಾಡಿಗೆಯಿಂದ ನಿಯಮದಂತೆ ಶೇ 30 ಕಳೆದರೆ ಉಳಿಯುವುದು 56,000; ಇದರಿಂದ ಸಾಲದ ಬಡ್ಡಿಯನ್ನೂ ಕಳೆಯಬಹುದು. ಮೊದಲ ವರ್ಷದ ಬಡ್ಡಿಯೇ ಲಕ್ಷ ದಾಟುತ್ತದೆ. ಹಾಗಾಗಿ ಆ ಬಾಡಿಗೆಗೆ ತೆರಿಗೆ ಬೀಳುವುದಿಲ್ಲ. ಹೆಚ್ಚುಳಿದ ಬಡ್ಡಿಯನ್ನು ಸಂಬಳದ ಆದಾಯದಲ್ಲಿ ಕಳೆಯಲು ಹೊಸ ತೆರಿಗೆ ಪದ್ಧತಿ ಬಿಡುವುದಿಲ್ಲ, ಹಳೆಯದು ಎರಡು ಲಕ್ಷದವರೆಗೆ ಬಿಡುತ್ತದೆ. ಕೆಳಗಿನ ಮನೆಯ ದುರಸ್ತಿಯನ್ನು ಇದೇ ಸಾಲದಲ್ಲಿ ಬೆರೆಸಿದರೆ ಬಡ್ಡಿಯನ್ನು ಪಾಲು ಮಾಡುತ್ತ ಕೂರಬೇಕಾಗುತ್ತದೆ. ಮೇಲಿನ ಮನೆಗೆ ಬೇರೆ ಎಸ್ಟಿಮೇಟು, ಬೇರೆ ಸಾಲದ ಖಾತೆ ಇರಲಿ. ಇನ್ನೊಂದು ಮಾತು: ಸಾಲಕ್ಕೆ ಸಹಿ ಹಾಕಿ ಉತಾರದಲ್ಲಿ ಹೆಸರಿಲ್ಲದವರಿಗೆ ಬಡ್ಡಿಯ ವಿನಾಯಿತಿ ಇಲ್ಲ.

ಅಣ್ಣನ ನಿವೃತ್ತಿಗೆ ನಾಲ್ಕೇ ವರ್ಷ ಇದ್ದುದರಿಂದ, ಇಬ್ಬರ ಸಂಬಳದ ಮೇಲೆ ಬ್ಯಾಂಕು ಒಪ್ಪಿದ್ದು 8 ಲಕ್ಷ ಮಾತ್ರ. ಪಾಲು ಬಿಡುವ ಪತ್ರಕ್ಕೆ ಸಹಿ ಕೇಳಲು ಇಬ್ಬರೂ ಗದಗಿಗೆ ಹೋದರು. ಅಕ್ಕ ಸಹಿ ಹಾಕಲಿಲ್ಲ. "ನನ್ನ ಹೆಸರು ಏರಿಸಿ, ಸಾಲದಲ್ಲೂ ನನ್ನನ್ನು ಸೇರಿಸಿ" ಎಂದರಂತೆ. ಅವರ ಸಂಬಳ ಸೇರಿದ ಮೇಲೆ 12 ಲಕ್ಷ ಮಂಜೂರಾಯಿತು. ಕೈಯಿಂದ ಹಾಕುವ 66,000 ಈಗ ತಲಾ 22,000.